ನೀರಿನ ಮೇಲೆ ಎರಡೂವರೆ ಗಂಟೆ, ಕುಡಿದದ್ದು ಸೊನ್ನೆ: ಕೈಟ್‌ಸರ್ಫಿಂಗ್ ಮತ್ತು ಬಾಯಾರಿಕೆ

ಇವತ್ತಿನ ಎಪಿಸೋಡನ್ನ ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ.

ರಾಮೇಶ್ವರ, ಜುಲೈ ತಿಂಗಳು. ನಮ್ಮ ಕಡೆ ಮಳೆ ಸುರಿಸೋ ನೈರುತ್ಯ ಮಾರುತ ಅಲ್ಲಿಗೆ ಹೋಗೋ ಹೊತ್ತಿಗೆ ಮಳೆ ಎಲ್ಲ ಖಾಲಿ ಮಾಡ್ಕೊಂಡಿರುತ್ತೆ, ಬರೀ ಗಾಳಿ ಉಳಿದಿರುತ್ತೆ. ಆ ಗಾಳಿಗೋಸ್ಕರವೇ ಬೆಂಗಳೂರು, ಚೆನ್ನೈ ಕಡೆಯಿಂದ ಜನ ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ಕೈಟ್ ಕಲಿಯೋಕೆ ಅಲ್ಲಿಗೆ ಹೋಗ್ತಾರೆ. ನಾನೂ ಹೋಗಿದ್ದೆ. ಮೊದಲೆರಡು ದಿನ ಉಪ್ಪುನೀರು ಕುಡಿದು, ಮರಳಲ್ಲಿ ಮುಖ ಉಜ್ಜಿಸ್ಕೊಂಡು ಕಳೆದಿದ್ದೆ. ಮೂರನೇ ದಿನ ಬೋರ್ಡ್ ಮೇಲೆ ಎದ್ದು ನಿಂತೆ. ನೂರು ಮೀಟರ್ ಹೋದೆ. ಆಮೇಲೆ ಇನ್ನೂರು. ಆ ಖುಷಿ ಗೊತ್ತಲ್ಲ, ಸೈಕಲ್ ಮೊದಲ ಸಲ ಬ್ಯಾಲೆನ್ಸ್ ಆದ ದಿನ ಮನೆಗೆ ಊಟಕ್ಕೂ ಬರಲ್ಲ, ಆ ಥರ. ಎರಡೂವರೆ ಗಂಟೆ ನೀರಲ್ಲೇ ಇದ್ದೆ. ನೀರಿನ ಬಾಟಲಿ ದಡದಲ್ಲಿ, ಬ್ಯಾಗಿನ ಒಳಗೆ, ಬಿಸಿಲಿಗೆ ಕಾಯ್ತಾ ಕೂತಿತ್ತು.

ಕೊನೆಗೆ ಕೈಟ್ ನೀರಿಗೆ ಬಿತ್ತು. ಬಿದ್ದ ಕೈಟನ್ನ ಮತ್ತೆ ಏರಿಸೋಕೆ ಒಂದು ಬದಿಯ ಲೈನ್ ಎಳೀಬೇಕು. ನಾನು ತಪ್ಪು ಬದಿಯದು ಎಳೆದೆ. ಮತ್ತೆ ತಪ್ಪು ಬದಿಯದೇ ಎಳೆದೆ. ನಾಲ್ಕು ಸಲ. ಅಷ್ಟೊತ್ತಿಗೆ ಎಡಗಾಲಿನ ಮೀನಖಂಡ ಗಂಟು ಕಟ್ಟಿದ ಹಾಗೆ ಹಿಡ್ಕೊಂತು. ದೂರದಿಂದ ನನ್ನ ಇನ್‌ಸ್ಟ್ರಕ್ಟರ್ ‘ರಿಲೀಸ್! ರಿಲೀಸ್!’ ಅಂತ ಕೂಗ್ತಿದ್ರು. ಎದೆ ಮುಂದೆ ಇರೋ ಕೆಂಪು ಹಿಡಿ ತಳ್ಳಿದ್ರೆ ಕೈಟಿನ ಎಳೆತವೆಲ್ಲ ಹೋಗಿಬಿಡುತ್ತೆ, ಅದು ಮೊದಲ ದಿನ ಮೊದಲ ಗಂಟೆಯಲ್ಲಿ ಕಲಿಸೋ ಪಾಠ. ನನಗೆ ಕೂಗು ಕೇಳಿಸ್ತಿತ್ತು. ಅರ್ಥವೂ ಆಗ್ತಿತ್ತು. ಕೈ ಮಾತ್ರ ಹೋಗ್ಲಿಲ್ಲ. ‘ಹೂಂ, ಮಾಡ್ತೀನಿ’ ಅಂತ ಮನಸ್ಸಲ್ಲೇ ಹೇಳ್ಕೊಂಡು ಸುಮ್ಮನೆ ನೋಡ್ತಾ ನಿಂತಿದ್ದೆ. ಸೊಂಟದ ಮಟ್ಟದ ನೀರು, ಹಾಗಾಗಿ ಏನೂ ಆಗಲಿಲ್ಲ. ಅವರೇ ಬಂದು ಹಿಡ್ಕೊಂಡ್ರು. ಅದೇ ಆಳದ ಜಾಗ ಆಗಿದ್ರೆ? ಆ ಪ್ರಶ್ನೆ ರಾತ್ರಿಯಿಡೀ ತಲೆ ತಿಂತು.

ಒಂದು ಸ್ಪಷ್ಟನೆ. ಕಾಲು ಹಿಡ್ಕೊಂಡಿದ್ದಕ್ಕೆ ನೀರು ಕಮ್ಮಿಯಾಗಿದ್ದೇ ಕಾರಣ ಅಂತ ನಾನು ಹೇಳಲ್ಲ. ಸ್ನಾಯು ದಣಿದ್ರೂ ಹಿಡ್ಕೊಳ್ಳುತ್ತೆ, ಅದೇ ಹೆಚ್ಚು ಸಾಮಾನ್ಯ. ನನ್ನನ್ನ ಹೆದರಿಸಿದ್ದು ಕಾಲಲ್ಲ, ಆ ಮಂಕು. ಸಂಜೆ ತೂಕ ನೋಡ್ಕೊಂಡೆ. ಬೆಳಿಗ್ಗೆ 68 ಕೆಜಿ ಇದ್ದೋನು 66ಕ್ಕಿಂತ ಸ್ವಲ್ಪ ಕೆಳಗೆ ಬಂದಿದ್ದೆ. ಮೂತ್ರದ ಬಣ್ಣ ಜೇನುತುಪ್ಪದ ಥರ.

ಎರಡು ಕೆಜಿ ಅಂದ್ರೆ ಕೊಬ್ಬು ಕರಗಿದ್ದಲ್ಲ, ಖುಷಿಪಡೋ ಹಾಗಿಲ್ಲ. ಕೆಲವೇ ಗಂಟೆಗಳಲ್ಲಿ ಇಳಿದ ತೂಕ ಬಹುತೇಕ ನೀರೇ. ಒಂದು ಕೆಜಿ ಅಂದ್ರೆ ಹೆಚ್ಚುಕಮ್ಮಿ ಒಂದು ಲೀಟರ್. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಅಂತ ಒಂದು ಸಂಸ್ಥೆ ಇದೆ, ಅವರು 2007ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಆಟ ಆಡುವಾಗ ದೇಹದ ತೂಕದ 2 ಶೇಕಡಾಕ್ಕಿಂತ ಹೆಚ್ಚು ನೀರು ಕಳ್ಕೊಳ್ಳಬೇಡಿ ಅಂತಾರೆ. ನಾನು ಸುಮಾರು 3 ಶೇಕಡಾ ಕಳ್ಕೊಂಡಿದ್ದೆ. ಸುತ್ತಲೂ ನೀರೇ ನೀರು ಇರೋ ಜಾಗದಲ್ಲಿ.

ಇದು ಯಾಕೆ ಆಗುತ್ತೆ? ಇಲ್ಲಿಂದ ವಿಷಯ ಮಜಾ ಇದೆ.

ಕೈಟ್‌ಸರ್ಫಿಂಗ್‌ಗೆ ಒಳ್ಳೆ ಗಾಳಿ ಅಂದ್ರೆ 15ರಿಂದ 25 ನಾಟ್. 20 ನಾಟ್ ಅಂತ ಇಟ್ಕೊಳ್ಳಿ, ಅದು ಗಂಟೆಗೆ ಸುಮಾರು 37 ಕಿಲೋಮೀಟರ್. ಈಗ ಏಪ್ರಿಲ್ ಮಧ್ಯಾಹ್ನ ಹೊಸೂರು ರೋಡಲ್ಲಿ ಸ್ಕೂಟರ್ ಓಡಿಸ್ತಿದೀರಿ ಅಂದ್ಕೊಳ್ಳಿ. ಗಾಡಿ ಓಡ್ತಿರುವಾಗ ಸೆಕೆ ಇಲ್ಲ, ಬೆವರೂ ಇಲ್ಲ. ಸಿಗ್ನಲ್ ಬಂತು, ನಿಲ್ಲಿಸಿದ್ರಿ. ಹತ್ತು ಸೆಕೆಂಡಿಗೆ ಬೆನ್ನು ತೊಪ್ಪೆ. ಆ ಬೆವರು ಸಿಗ್ನಲ್‌ನಲ್ಲಿ ಹುಟ್ಟಿದ್ದಲ್ಲ, ಮೊದಲಿಂದಲೂ ಬರ್ತಾನೇ ಇತ್ತು, ಗಾಳಿ ಬಂದಿದ್ದನ್ನ ಬಂದ ಹಾಗೇ ಎತ್ಕೊಂಡು ಹೋಗ್ತಿತ್ತು ಅಷ್ಟೇ. ಕೈಟ್‌ಸರ್ಫಿಂಗ್‌ನಲ್ಲಿ ಸಿಗ್ನಲ್ಲೇ ಬರಲ್ಲ. ಅದೂ ಸಾಲದು ಅಂತ ಮೈ ಹೇಗಿದ್ರೂ ಸಮುದ್ರದ ನೀರಲ್ಲಿ ಒದ್ದೆ. ಯಾವುದು ಬೆವರು, ಯಾವುದು ಸಮುದ್ರ ಅಂತ ಹೇಗೆ ಹೇಳ್ತೀರಿ?

ಇನ್ನೊಂದು ವಿಷಯ ನನಗೆ ಓದುವವರೆಗೂ ಗೊತ್ತಿರಲಿಲ್ಲ. ನೀರಿಗೆ ಇಳಿದ ಸ್ವಲ್ಪ ಹೊತ್ತಿಗೇ ಒಂದಕ್ಕೆ ಅವಸರ ಆಗುತ್ತಲ್ಲ, ಈಜುಕೊಳದಲ್ಲೂ ಆಗುತ್ತೆ. ಅದು ಬರೀ ಮನಸ್ಸಿನ ಆಟ ಅಲ್ಲ. ಎದೆವರೆಗೆ ನೀರಲ್ಲಿದ್ದಾಗ ನೀರಿನ ಒತ್ತಡ ಕಾಲಿನ ರಕ್ತವನ್ನ ಮೇಲಕ್ಕೆ, ಎದೆ ಕಡೆಗೆ ದೂಡುತ್ತೆ. ಹೃದಯದ ಹತ್ತಿರ ರಕ್ತ ಜಾಸ್ತಿಯಾದಾಗ ದೇಹ ‘ಓಹೋ, ನೀರು ಹೆಚ್ಚಾಗಿದೆ’ ಅಂತ ತಪ್ಪು ತಿಳ್ಕೊಂಡು ಮೂತ್ರಪಿಂಡಕ್ಕೆ ಹೊರಗೆ ಹಾಕು ಅನ್ನುತ್ತೆ. ನೀರು ತಣ್ಣಗಿದ್ದಷ್ಟೂ ಇದು ಜಾಸ್ತಿ. ಚೆನ್ನಾಗಿ ಓಡಿಸೋರು ಬೋರ್ಡ್ ಮೇಲೆ ಇರ್ತಾರೆ, ಅವರಿಗೆ ಇದು ಕಮ್ಮಿ. ಆದರೆ ಕಲಿಯೋರು? ನಾವು ಅರ್ಧಕ್ಕರ್ಧ ಹೊತ್ತು ನೀರೊಳಗೇ ಇರ್ತೀವಿ. ಹೊಸಬರಿಗೆ ಎರಡೂ ಕಡೆಯಿಂದ ನಷ್ಟ.

ಹಾಗಂತ ಎಲ್ಲರೂ ನನ್ನ ಹಾಗೆ ಎರಡು ಲೀಟರ್ ಕಳ್ಕೊಳ್ತಾರೆ ಅಂತಲ್ಲ. ಬೆವರಿನ ಲೆಕ್ಕ ಒಬ್ಬೊಬ್ಬರದು ಒಂದೊಂದು. ಗಂಟೆಗೆ ಅರ್ಧ ಲೀಟರಿನವರಿದ್ದಾರೆ, ಎರಡು ಲೀಟರಿನವರೂ ಇದ್ದಾರೆ. ಮೈ ಮೇಲೆ ನೀರು ಎರಚ್ತಾ ಇರೋದರಿಂದ ಅದೇ ಬಿಸಿಲಲ್ಲಿ ಓಡೋನಷ್ಟು ನೀವು ಬೆವರದೇ ಇರಬಹುದು. ಅದಕ್ಕೇ ‘ದಿನಕ್ಕೆ ಇಷ್ಟು ಲೀಟರ್ ಕುಡೀರಿ’ ಅನ್ನೋ ರೀಲ್ಸ್ ನೋಡಿದ್ರೆ ನನಗೆ ರೇಗುತ್ತೆ. ನಿಮ್ಮ ಲೆಕ್ಕ ನಿಮಗೇ ಗೊತ್ತಾಗಬೇಕು, ಅದಕ್ಕೆ ಒಂದು ತೂಕದ ಯಂತ್ರ ಸಾಕು. ನೀರಿಗೆ ಇಳಿಯೋ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಮ್ಮಿ ಬಟ್ಟೆಯಲ್ಲಿ ತೂಕ ನೋಡಿ. ಮುಗಿಸಿ ಬಂದ ಮೇಲೆ ಒರೆಸ್ಕೊಂಡು, ಒಣಬಟ್ಟೆಯಲ್ಲಿ ಮತ್ತೆ ನೋಡಿ. ಒದ್ದೆ ಚಡ್ಡಿಯಲ್ಲಿ ನೋಡಬೇಡಿ, ಅದೇ ಅರ್ಧ ಕೆಜಿ ತೂಗುತ್ತೆ. ಇಳಿದ ತೂಕಕ್ಕೆ ನಡುವೆ ಕುಡಿದಿದ್ದನ್ನ ಸೇರಿಸಿ, ಗಂಟೆಗೆ ಭಾಗಿಸಿ. ಎರಡು ಮೂರು ದಿನ ಮಾಡಿದ್ರೆ ನಿಮ್ಮ ನಂಬರ್ ಸಿಗುತ್ತೆ.

ಈಗ ನೀವು ಕೇಳಬಹುದು, ಬಾಯಾರಿಕೆ ಅನ್ನೋದು ಇದಕ್ಕೇ ತಾನೇ ಇರೋದು? ನಿಜ. ದಿನನಿತ್ಯದ ಬದುಕಿಗೆ ಬಾಯಾರಿಕೆ ಒಳ್ಳೆ ಮಾರ್ಗದರ್ಶಿ, ಅದನ್ನ ನಂಬಬಹುದು. ಕೈಟ್‌ಸರ್ಫಿಂಗ್‌ನಲ್ಲಿ ಸಮಸ್ಯೆ ಬಾಯಾರಿಕೆ ಆಗದಿರೋದಲ್ಲ, ಒಂದು ಗುಟುಕಿನ ಬೆಲೆ. ಓಡೋನು ಓಡ್ತಾ ಓಡ್ತಾ ಬಾಟಲಿ ಎತ್ತಬಹುದು. ಕ್ರಿಕೆಟ್‌ನಲ್ಲಿ ಹನ್ನೆರಡನೇ ಆಟಗಾರ ನೀರು ತಂದುಕೊಡ್ತಾನೆ. ಇಲ್ಲಿ ನಿಮ್ಮ ಸೊಂಟಕ್ಕೆ ಹಾರ್ನೆಸ್, ಹಾರ್ನೆಸ್‌ಗೆ ಇಪ್ಪತ್ತು ಚಿಲ್ಲರೆ ಮೀಟರ್ ಉದ್ದದ ಲೈನುಗಳು, ಅದರ ತುದಿಯಲ್ಲಿ ನಿಮ್ಮನ್ನ ಎತ್ತಿ ಒಗೆಯೋ ಶಕ್ತಿ ಇರೋ ಒಂದು ಕೈಟ್. ನೀರು ಕುಡೀಬೇಕು ಅಂದ್ರೆ ದಡಕ್ಕೆ ಬರಬೇಕು, ತಲೆ ಮೇಲೆ ಕೈ ತಟ್ಟಿ ‘ನನ್ನ ಕೈಟ್ ಇಳಿಸಿ’ ಅಂತ ಸನ್ನೆ ಮಾಡಬೇಕು, ಯಾರಾದ್ರೂ ಬಂದು ಹಿಡೀಬೇಕು, ಅದು ಹಾರದ ಹಾಗೆ ಮರಳು ಹಾಕಬೇಕು. ಕುಡಿದಾದ ಮೇಲೆ ಮತ್ತೆ ಒಬ್ಬರನ್ನ ಹುಡುಕಿ ಹಾರಿಸಿಸ್ಕೋಬೇಕು. ಹದಿನೈದು ನಿಮಿಷ ಹೋಯ್ತು. ಅಷ್ಟರಲ್ಲಿ ಗಾಳಿ ಬಿದ್ರೆ? ರಜಾ ಹಾಕಿ, ದುಡ್ಡು ಕೊಟ್ಟು, ಅಷ್ಟು ದೂರದಿಂದ ಬಂದಿರ್ತೀವಿ. ‘ಇನ್ನೊಂದು ರೌಂಡ್ ಆಮೇಲೆ’ ಅನ್ನಿಸುತ್ತೆ. ಆ ‘ಆಮೇಲೆ’ ಅನ್ನೋದರಲ್ಲೇ ನನ್ನ ಎರಡೂವರೆ ಗಂಟೆ ಹೋಗಿದ್ದು.

ಒಲಿಂಪಿಕ್ಸ್‌ನಲ್ಲೂ ಈಗ ಕೈಟ್ ಇದೆ, ಪ್ಯಾರಿಸ್ 2024ರಲ್ಲಿ ಮೊದಲ ಸಲ ಬಂತು, ಸ್ಪರ್ಧೆ ನಡೆದದ್ದು ಮಾರ್ಸೇಯಲ್ಲಿ. ಆ ಮಟ್ಟದ ಸ್ಪರ್ಧೆಗಳಲ್ಲಿ ರೇಸ್‌ಗಳ ನಡುವೆ ಕೋಚ್‌ಗಳ ದೋಣಿ ಇರುತ್ತೆ, ನೀರು ಅಲ್ಲೇ ಸಿಗುತ್ತೆ. ನಮಗೆ ದೋಣಿ ಇಲ್ಲ, ಹಾಗಾಗಿ ನಾವೇ ಏನಾದ್ರೂ ದಾರಿ ಹುಡುಕಬೇಕು.

ನನಗೆ ಕೆಲಸ ಮಾಡಿದ ದಾರಿ ತುಂಬ ಸರಳ: ಇಬ್ಬರಿಗೆ ಒಂದು ಕೈಟ್. ಸಾಮಾನು ದುಬಾರಿ, ಕಲಿಯೋ ದಿನಗಳಲ್ಲಿ ಹೇಗಿದ್ರೂ ಹಂಚ್ಕೊಂಡೇ ಓಡಿಸ್ತೀವಿ. ನಲವತ್ತೈದು ನಿಮಿಷ ಅವಳು, ನಲವತ್ತೈದು ನಿಮಿಷ ನಾನು. ಫೋನ್‌ನಲ್ಲಿ ಅಲಾರಂ. ಕೈಟ್ ಹೇಗಿದ್ರೂ ಕೈ ಬದಲಾಗಬೇಕು, ಆದ್ದರಿಂದ ನೀರು ಕುಡಿಯೋಕೆ ಅಂತ ಬೇರೆ ಬೆಲೆ ಕೊಡೋ ಹಾಗೇ ಇಲ್ಲ. ದಡದಲ್ಲಿ ಕೂತೋನು ಕುಡಿದು, ಎರಡು ಬಾಳೆಹಣ್ಣು ತಿಂದು, ನೆರಳಲ್ಲಿ ಸುಧಾರಿಸ್ಕೊಂಡು, ಅದರ ಜೊತೆಗೆ ನೀರಲ್ಲಿರೋರ ಮೇಲೆ ಒಂದು ಕಣ್ಣು ಇಟ್ಟಿರ್ತಾನೆ. ನನ್ನ ಹಾಗೆ ಮಂಕು ಹಿಡಿದವನಿಗೆ ಅದು ಗೊತ್ತಾಗೋದೇ ಇಲ್ಲ, ದಡದಲ್ಲಿರೋರಿಗೆ ಗೊತ್ತಾಗುತ್ತೆ.

ಒಬ್ಬರೇ ಓಡಿಸೋರು ಬೆನ್ನಿಗೆ ನೀರಿನ ಚೀಲ ಹಾಕ್ಕೊಳ್ತಾರೆ, ಟ್ರೆಕ್ಕಿಂಗ್‌ನಲ್ಲಿ ನೋಡಿರ್ತೀರಲ್ಲ, ಪೈಪು ಬಾಯಿಗೆ ಬರೋ ಅಂಥದ್ದು. ಒಳ್ಳೇದೇ. ಆದರೆ ಪೈಪು ಎಲ್ಲಿ ಹೋಗುತ್ತೆ ನೋಡ್ಕೊಳ್ಳಿ. ಜೋತಾಡೋ ಪೈಪು ಬಾರ್‌ಗೋ ಲೈನ್‌ಗೋ ಸಿಕ್ಕಿಹಾಕ್ಕೊಂಡ್ರೆ ನೀರಿಗಿಂತ ದೊಡ್ಡ ತಲೆನೋವು. ಚೀಲ ಹಾಕ್ಕೊಂಡ ಮೇಲೆ ದಡದಲ್ಲೇ ನಿಂತು, ಕಣ್ಣು ಮುಚ್ಚಿ, ಕೆಂಪು ಹಿಡಿಗೆ ಕೈ ಸಲೀಸಾಗಿ ಹೋಗುತ್ತಾ ಅಂತ ಪರೀಕ್ಷೆ ಮಾಡಿ. ಇನ್ನು ಕೆಲವರು ಕೈಟನ್ನ ನೆತ್ತಿ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಬಾರ್, ಇನ್ನೊಂದು ಕೈಯಲ್ಲಿ ಸಣ್ಣ ಬಾಟಲಿ ಹಿಡಿದು ಕುಡೀತಾರೆ. ನೋಡೋಕೆ ಸ್ಟೈಲು. ಹೊಸಬರು ಮಾಡಬೇಡಿ. ಒಂದು ಬಿರುಗಾಳಿ ಬಂದ್ರೆ ಬಾಟಲಿಯ ಜೊತೆ ನೀವೂ ಹೋಗ್ತೀರಿ.

ದಡದ ಬಾಟಲಿ ಬಿಸಿಲಿಗೆ ಕಾದು ಕಾಫಿ ಆಗಿರುತ್ತೆ, ಅದನ್ನ ಯಾರು ಕುಡೀತಾರೆ? ಅದಕ್ಕೆ ಹಳೇ ಕಾಟನ್ ಸಾಕ್ಸ್ ಒಂದನ್ನ ಒದ್ದೆ ಮಾಡಿ ಬಾಟಲಿಗೆ ಹಾಕಿ, ನೆರಳಲ್ಲಿ, ಗಾಳಿಗೆ ಇಡಿ. ಒಗೆದ ಸಾಕ್ಸು, ದಯವಿಟ್ಟು. ಅಜ್ಜಿ ಮನೆಯ ಮಣ್ಣಿನ ಹೂಜಿಯ ಲೆಕ್ಕವೇ ಇದು. ನಿಮ್ಮ ಬೆವರು ಕದ್ದ ಗಾಳಿನೇ ನಿಮ್ಮ ನೀರು ತಂಪು ಮಾಡಿಕೊಡುತ್ತೆ.

ಸರಿ, ಏನು ಕುಡಿಯೋದು?

ಒಂದು ಗಂಟೆಯೊಳಗಿನ ಆಟಕ್ಕೆ ಬರೀ ನೀರು, ಆಮೇಲೆ ಊಟ. ಅಷ್ಟು ಸಾಕು, ಪೌಡರು ಗೀಡರು ಬೇಡ. ಎರಡು ಗಂಟೆ ದಾಟಿದ್ರೆ, ಬಿಸಿಲು ಜೋರಿದ್ರೆ, ಆಗ ಉಪ್ಪಿನ ವಿಷಯ ಬರುತ್ತೆ. ಒಂದು ಲೀಟರ್ ಬೆವರಲ್ಲಿ ಅರ್ಧ ಗ್ರಾಮಿನಿಂದ ಎರಡು ಗ್ರಾಮ್ ಹತ್ತಿರದವರೆಗೂ ಸೋಡಿಯಂ ಹೋಗಬಹುದು, ಅದೂ ಒಬ್ಬೊಬ್ಬರಿಗೆ ಬೇರೆ. ‘ಸಮುದ್ರದ ಉಪ್ಪುನೀರು ಹೇಗೂ ನುಂಗಿರ್ತೀವಲ್ಲ, ಉಪ್ಪಿಗೇನು ಕಮ್ಮಿ’ ಅಂತ ಒಬ್ಬ ಜೊತೆಗಾರ ಅಂದ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಮ್ ಉಪ್ಪಿದೆ. ಆಸ್ಪತ್ರೆಯಲ್ಲಿ ಹಾಕೋ ಸಲೈನ್‌ನಲ್ಲಿ ಇರೋದು ಲೀಟರಿಗೆ 9 ಗ್ರಾಮ್. ಅಷ್ಟು ಗಟ್ಟಿ ಉಪ್ಪುನ್ನ ಹೊರಗೆ ಹಾಕೋಕೆ ಮೂತ್ರಪಿಂಡ ದೇಹದ ಒಳಗಿನ ನೀರನ್ನೇ ಖರ್ಚು ಮಾಡಬೇಕಾಗುತ್ತೆ. ಜಾಸ್ತಿ ನುಂಗಿದ್ರೆ ವಾಂತಿ ಬೇರೆ. ಅದನ್ನ ಲಾಭದ ಲೆಕ್ಕಕ್ಕೆ ಹಾಕಬೇಡಿ.

ರಾಮೇಶ್ವರದ ಜನಕ್ಕೆ ಈ ವಿಷಯ ಹೊಸದಲ್ಲ ಬಿಡಿ. ಅಲ್ಲಿ ತಂಗಚ್ಚಿಮಡಂ ಹತ್ತಿರ ವಿಲ್ಲೂಂಡಿ ತೀರ್ಥ ಅಂತ ಒಂದು ಜಾಗ ಇದೆ, ಸಮುದ್ರದ ಒಳಗೇ ಸಿಹಿನೀರಿನ ಬಾವಿ. ಸೀತೆಗೆ ಬಾಯಾರಿದಾಗ ರಾಮ ಬಿಲ್ಲು ಊರಿ ನೀರು ಬರಿಸಿದ ಅನ್ನೋದು ಅಲ್ಲಿನ ಕಥೆ. ಸಮುದ್ರದ ಮಧ್ಯೆ ನಿಂತೋರಿಗೂ ಬೇರೆ ನೀರೇ ಬೇಕು ಅಂತ ಕಥೆ ಕಟ್ಟಿದೋರಿಗೆ ಗೊತ್ತಿತ್ತು.

ನನ್ನ ಚೀಲದಲ್ಲಿ ಈಗ ಇರೋದು ಒಆರ್‌ಎಸ್ ಪ್ಯಾಕೆಟ್. ಭೇದಿ ಆದಾಗ ಅಮ್ಮ ಕಲಸಿಕೊಡ್ತಿದ್ದ ಅದೇ. ಇದರ ಹಿಂದಿನ ವಿಜ್ಞಾನ ಸೊಗಸಾಗಿದೆ. ನಮ್ಮ ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಸಕ್ಕರೆ ಮತ್ತು ಸೋಡಿಯಂ ಜೊತೆಯಾಗಿ ಬಂದ್ರೆ ಅದು ಇಬ್ಬರನ್ನೂ ಒಳಗೆ ಬಿಡುತ್ತೆ. ಅವರ ಹಿಂದೆಯೇ ನೀರು ಬರುತ್ತೆ. ಸಕ್ಕರೆ ಅಲ್ಲಿರೋದು ರುಚಿಗಲ್ಲ, ಬಾಗಿಲು ತೆರೆಯೋಕೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಸಲೈನ್ ಬಾಟಲಿಗಳು ಮುಗಿದುಹೋದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಇದೇ ಉಪ್ಪು-ಸಕ್ಕರೆ ನೀರನ್ನ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ ಸಾವಿರಾರು ಜನರನ್ನ ಉಳಿಸಿದ್ರು. ಅವರು ತೀರಿಕೊಂಡ ಮೇಲೆ, 2023ರಲ್ಲಿ ಪದ್ಮವಿಭೂಷಣ ಬಂತು.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಮ್, ಗ್ಲೂಕೋಸ್ 13.5 ಗ್ರಾಮ್, ಜೊತೆಗೆ ಪೊಟ್ಯಾಶಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ದೊಡ್ಡ ಪ್ಯಾಕೆಟ್ ಇರೋದೇ ಒಂದು ಲೀಟರಿಗೆ. ಅದನ್ನ ಅರ್ಧ ಲೀಟರ್ ಬಾಟಲಿಗೆ ಸುರಿದು ‘ಸ್ಟ್ರಾಂಗ್’ ಮಾಡೋದು ತಪ್ಪು. ಪ್ಯಾಕೆಟ್ ಸಿಗದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಇನ್ನೊಂದು ಎಚ್ಚರ: ಟೆಟ್ರಾ ಪ್ಯಾಕ್‌ನಲ್ಲಿ ಸಿಗೋ ಹಣ್ಣಿನ ರುಚಿಯ ಎಷ್ಟೋ ಪಾನೀಯಗಳು ಹೆಸರಲ್ಲಿ ಒಆರ್‌ಎಸ್ ಅಂತ ಇಟ್ಕೊಂಡು ಸಕ್ಕರೆ ತುಂಬಿಸಿ ಮಾರ್ತಿದ್ವು. 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸೋ ಹಾಗಿಲ್ಲ ಅಂತ ಆದೇಶ ಮಾಡಿತು. ಮೆಡಿಕಲ್ ಶಾಪ್‌ನಲ್ಲಿ ಪ್ಯಾಕೆಟ್ ಹಿಂದೆ ತಿರುಗಿಸಿ ಅಳತೆ ಓದಿ ತಗೊಳ್ಳಿ.

ಎಳನೀರು? ರುಚಿ ಹೌದು, ಪೊಟ್ಯಾಶಿಯಂ ಬೇಕಾದಷ್ಟು, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ, ಹಾಗಾಗಿ ಎಳನೀರಿನ ಜೊತೆ ಉಪ್ಪಿರೋ ಏನಾದ್ರೂ ತಿನ್ನಿ. ಉಪ್ಪು ಹಾಕಿದ ನೀರುಮಜ್ಜಿಗೆ ನನ್ನ ಮಟ್ಟಿಗೆ ಅತ್ಯುತ್ತಮ, ಆದರೆ ನೀರಿಂದ ಬಂದ ಮೇಲೆ; ಹೊಟ್ಟೆ ತುಂಬ ಮಜ್ಜಿಗೆ ಕುಡಿದು ಹಾರ್ನೆಸ್ ಬಿಗಿದ್ರೆ ಏನಾಗುತ್ತೆ ಅಂತ ನಾನು ವಿವರಿಸಲ್ಲ. ರಾಮನಾಥಪುರದ ಕಡೆ ತಾಳೆಮರ ಎಲ್ಲೆಲ್ಲೂ ಇದೆ, ಬೇಸಿಗೆಯಲ್ಲಿ ರಸ್ತೆ ಬದಿಯಲ್ಲೇ ತಾಟಿನಿಂಗು ಸಿಗುತ್ತೆ, ಬಿಡಬೇಡಿ. ಬೆಳಗಿನ ಒಂದು ಕಾಫಿಯಿಂದ ತೊಂದರೆ ಇಲ್ಲ. ಹಿಂದಿನ ರಾತ್ರಿಯ ಬಿಯರ್‌ನಿಂದ ಇದೆ, ಅದು ನೀರನ್ನ ಹೊರಗೇ ಹಾಕಿಸುತ್ತೆ. ಬಿಪಿ, ಕಿಡ್ನಿ ತೊಂದರೆ ಇರೋರು ಉಪ್ಪಿನ ವಿಷಯ ಡಾಕ್ಟರ್ ಹತ್ತಿರ ಕೇಳಿಯೇ ಮಾಡಿ.

ಎಷ್ಟು, ಯಾವಾಗ? ನೀರಿಗಿಳಿಯೋ ಸುಮಾರು ನಾಲ್ಕು ಗಂಟೆ ಮುಂಚೆ ಕೆಜಿಗೆ 5ರಿಂದ 7 ಮಿಲಿಲೀಟರ್ ಲೆಕ್ಕದಲ್ಲಿ, ನಿಧಾನವಾಗಿ. 60 ಕೆಜಿಯೋರಿಗೆ 300ರಿಂದ 420 ಮಿಲಿ, ಅಂದ್ರೆ ಎರಡು ಲೋಟ. ನಡುವೆ ಪ್ರತಿ ವಿರಾಮದಲ್ಲಿ, ನಿಮ್ಮ ತೂಕದ ಪರೀಕ್ಷೆ ಹೇಳಿದಷ್ಟು, ಅದಕ್ಕಿಂತ ಜಾಸ್ತಿ ಅಲ್ಲ. ಮುಗಿದ ಮೇಲೆ, ಮಾರನೇ ದಿನ ಬೆಳಿಗ್ಗೆಯೇ ಮತ್ತೆ ಇಳಿಯೋದಿದ್ರೆ, ಇಳಿದ ಪ್ರತಿ ಕೆಜಿಗೆ ಒಂದೂವರೆ ಲೀಟರ್ ಹತ್ತಿರ, ಸಂಜೆ ಪೂರ್ತಿ ಹಂಚ್ಕೊಂಡು, ಊಟದ ಜೊತೆ.

‘ಜಾಸ್ತಿ ಅಲ್ಲ’ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಆ ರಾತ್ರಿ ಹೆದರಿ ನಾನು ಮಾರನೇ ದಿನ ಬೆಳಿಗ್ಗೆ ಮೂರು ಲೀಟರ್ ಬರೀ ನೀರು ಗಟಗಟ ಕುಡಿಯೋಕೆ ಹೊರಟಿದ್ದೆ. ಅದೂ ಅಪಾಯವೇ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಹೊರಗೆ ಹೋಗೋದಕ್ಕಿಂತ ಜಾಸ್ತಿ ನೀರು ಒಳಗೆ ಬಂದ್ರೆ ಅದು ತೆಳುವಾಗುತ್ತೆ, ಮಿದುಳು ಊದಿಕೊಳ್ಳುತ್ತೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ ಹೀಗೆ ಇಳಿದಿತ್ತು. ಓಡುವಾಗ ತೂಕ ಇಳಿಯೋ ಬದಲು ಏರಿದವರಲ್ಲೇ ಇದು ಎದ್ದು ಕಾಣ್ತು. ಅದೇ ಓಟದಲ್ಲಿ ಒಬ್ಬ ಯುವತಿ ಇದರಿಂದಲೇ ತೀರಿಕೊಂಡರು. ತಲೆನೋವು, ವಾಕರಿಕೆ, ಗೊಂದಲ, ಲಕ್ಷಣಗಳು ನೀರು ಕಮ್ಮಿಯಾದಾಗಿನ ಹಾಗೇ ಇರುತ್ತೆ, ಅದೇ ಮೋಸ. ಕೈಬೆರಳು ಊದಿ ಉಂಗುರ ಬಿಗಿಯಾಗಿದ್ರೆ, ಹೊಟ್ಟೆ ತುಂಬ ನೀರು ಕುಲುಕಾಡ್ತಿದ್ರೆ, ಬೆಳಗಿಗಿಂತ ತೂಕ ಜಾಸ್ತಿ ಇದ್ರೆ, ಇನ್ನಷ್ಟು ನೀರು ಕುಡಿಸಬೇಡಿ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ.

ಮತ್ತೆ ಇದನ್ನ ಮಾತ್ರ ಮರೀಬೇಡಿ. ಯಾರಾದ್ರೂ ಬಿಸಿಲಲ್ಲಿ ಮಾತು ತೊದಲ್ತಿದ್ರೆ, ಮೈ ಕೆಂಡದ ಹಾಗೆ ಸುಡ್ತಿದ್ರೆ, ಕುಸಿದು ಬಿದ್ರೆ, ಅದು ಬಾಯಾರಿಕೆ ಅಲ್ಲ, ಹೀಟ್ ಸ್ಟ್ರೋಕ್ ಇರಬಹುದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ತಂದು, ಮೈಯೆಲ್ಲ ನೀರು ಸುರಿದು, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಆ ನಂಬರ್ ತಮಿಳುನಾಡಲ್ಲೂ ಅದೇ.

ಆಮೇಲೆ ಮತ್ತೆ ಹೋದೆ, ಎರಡು ಸಲ. ಈಗ ಯಾರ ಜೊತೆ ಕೈಟ್ ಹಂಚ್ಕೊಳ್ತೀನೋ ಅವರ ಹತ್ತಿರ ಒಂದು ಒಪ್ಪಂದ ಇದೆ. ದಡದಿಂದ ಅವರು ತಲೆ ಮೇಲೆ ಕೈ ತಟ್ಟಿದ್ರೆ ನಾನು ವಾದ ಮಾಡದೆ ಬರಬೇಕು, ಗಾಳಿ ಎಷ್ಟೇ ಚೆನ್ನಾಗಿರಲಿ. ಹೋದ ಸಲ ನಾನು ಒಳ್ಳೆ ಲಯದಲ್ಲಿದ್ದಾಗಲೇ ತಟ್ಟಿದಳು. ಬಾಯಿಗೆ ಬಂದಿದ್ದೆಲ್ಲ ಬೈಕೊಂಡು ಬಂದೆ. ಬಾಟಲಿ ಕೈಗೆ ಕೊಟ್ಟಳು, ಸಾಕ್ಸ್ ಸಮೇತ.

ಮುಂದಿನ ವಾರ ಸಿಗೋಣ.